ಹಿಪ್ಪುನೇರಳೆಯ ಅತ್ತೆ, ದ್ರಾಕ್ಷಿಯ ಅಪ್ಪ

ಸೊಸೆಯೊಬ್ಬಳು ಅತ್ತೆಯನ್ನು ಹೊಗಳಲು ಕೂತಳೆಂದರೆ ಒಳಗೆ ಏನೋ ಮಸಲತ್ತು ಇದೆ ಅಂತಲೇ ಜನ ತಿಳಿಯುತ್ತಾರೆ. ತಿಳಿದುಕೊಳ್ಳಲಿ. ನನಗೆ ನಮ್ಮತ್ತೆಯ ಮೇಲೆ ಹೆಮ್ಮೆ ಇದೆ, ಅದನ್ನು ಹೇಳಲು ನಾನೇನೂ ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಹಾಗಂತ ಅವರೇನು ಸಾಧು ಸ್ವಭಾವದವರಲ್ಲ. ಬೆಳಿಗ್ಗೆ ಎದ್ದು ಬಾಯಿ ತೆರೆದರೆ ಮೂರನೇ ಮನೆಯವರಿಗೆ ಗಡಿಯಾರ ಬೇಕಾಗುವುದಿಲ್ಲ. ನಾನು ಮಾಡಿದ ಸಾರಿಗೆ ಇದುವರೆಗೂ ‘ಪರವಾಗಿಲ್ಲ’ ಎನ್ನುವುದಕ್ಕಿಂತ ದೊಡ್ಡ ಬಿರುದು ಅವರಿಂದ ಸಿಕ್ಕಿಲ್ಲ.

ಅವರು ಮಾರುವುದು ಹಿಪ್ಪುನೇರಳೆ ಹಣ್ಣು. ಮನೆಯ ಹಿತ್ತಿಲಿಗೂ ರೈಲು ಹಳಿಗೂ ನಡುವೆ ಇರುವ ಕಿರಿದಾದ ಜಾಗದಲ್ಲಿ ನಾಲ್ಕು ಮರಗಳಿವೆ. ಹಣ್ಣಿನ ಕಾಲದಲ್ಲಿ ಅತ್ತೆ ಬೆಳಕು ಹರಿಯುವ ಮೊದಲೇ ಸೊಂಟಕ್ಕೆ ಅಲ್ಯೂಮಿನಿಯಂ ಬಟ್ಟಲು ಕಟ್ಟಿಕೊಂಡು ಮರದಡಿ ನಿಲ್ಲುತ್ತಾರೆ. ಮಾರುಕಟ್ಟೆಯ ಕೊನೆಯಲ್ಲಿ, ನಲ್ಲಿಯ ಪಕ್ಕದ ಕಟ್ಟೆ ಅವರದು. ಮಧ್ಯಾಹ್ನದ ಹೊತ್ತಿಗೆ ಅಂಗಡಿ ಮುಚ್ಚುತ್ತಾರೆ. ಗಿರಾಕಿ ನಿಂತು ಬೇಡಿಕೊಂಡರೂ ಅಷ್ಟೇ. ಉಳಿದದ್ದನ್ನು ಮನೆಗೆ ತಂದು ಸಕ್ಕರೆ ಹಾಕಿ ಕುದಿಸಿ ಬಾಟಲಿಗೆ ತುಂಬುತ್ತಾರೆಯೇ ಹೊರತು, ಬಿಸಿಲು ಏರಿದ ಮೇಲೆ ಒಂದು ಹಣ್ಣನ್ನೂ ಮಾರುವುದಿಲ್ಲ. ಮಿಕ್ಕ ತಿಂಗಳುಗಳಲ್ಲಿ ಅದೇ ಕಟ್ಟೆಯ ಮೇಲೆ ಸೊಪ್ಪು ಮಾರುತ್ತಾರೆ. ಆದರೆ ಸೊಪ್ಪು ಮಾರುವಾಗ ಆ ಗತ್ತು ಇರುವುದಿಲ್ಲ.

ಅವರ ಕಟ್ಟೆಯ ಎದುರಿಗೇ ದ್ರಾಕ್ಷಿ ಅಂಗಡಿ. ಅದು ನಮ್ಮಪ್ಪನದು. ಅಪ್ಪ ದ್ರಾಕ್ಷಿ ಬಿಟ್ಟು ಬೇರೇನನ್ನೂ ಮಾರಿದವನಲ್ಲ. ಕಪ್ಪು, ಹಸಿರು, ಬೀಜದ್ದು, ಬೀಜವಿಲ್ಲದ್ದು, ಎಲ್ಲವನ್ನೂ ಗೊಂಚಲು ಗೊಂಚಲಾಗಿ ತೂಗುಹಾಕಿ, ಕೆಳಗೆ ಸ್ಟೂಲಿನ ಮೇಲೆ ಮದುವೆಗಂಡಿನ ಹಾಗೆ ಕೂರುತ್ತಾನೆ. ಎದುರುಬದುರು ಕೂತು ಬೈದುಕೊಂಡು ಬೈದುಕೊಂಡೇ ಇವರಿಬ್ಬರೂ ಬೀಗರಾದರು. ನನ್ನ ಮದುವೆಯ ಮಾತುಕತೆಯಲ್ಲೂ ಯಾವ ಹಣ್ಣನ್ನು ತಟ್ಟೆಯಲ್ಲಿ ಇಡಬೇಕು ಅನ್ನುವುದಕ್ಕೇ ಅರ್ಧ ದಿನ ಹೋಯಿತು. ಕೊನೆಗೆ ಬಾಳೆಹಣ್ಣು ಇಟ್ಟರು.

“ಬೀಗಿತ್ತಮ್ಮ, ಅದು ರೇಷ್ಮೆ ಹುಳಕ್ಕೆ ಮೇವು ಹಾಕೋ ಗಿಡ. ಎಲೆ ಹುಳಕ್ಕೆ, ಹಣ್ಣು ಹಕ್ಕಿಗೆ. ಮನುಷ್ಯರಿಗೆ ಯಾಕ್ರೀ ಅದನ್ನ ಮಾರ್ತೀರಿ?” ಎಂದು ಅಪ್ಪ ಆಚೆಯಿಂದ ಕೂಗುತ್ತಿದ್ದ.

“ಹಕ್ಕಿಗೆ ರುಚಿ ಗೊತ್ತು ಬೀಗರೇ. ನಿಮ್ಮ ದ್ರಾಕ್ಷಿ ಒಂಟಿ ಪಿಶಾಚಿ. ನಮ್ಮದು ನೋಡಿ, ಒಂದು ಹಣ್ಣು ಅಂತ ಕಾಣುತ್ತೆ, ಹತ್ತಿರದಿಂದ ನೋಡಿದ್ರೆ ಪುಟಾಣಿ ಹಣ್ಣುಗಳೆಲ್ಲ ಒಂದೇ ತೊಟ್ಟಿಗೆ ಅಂಟಿಕೊಂಡು ಕೂತಿವೆ. ಕೂಡು ಕುಟುಂಬ.”

“ನಮ್ಮದೂ ಗೊಂಚಲೇ!”

“ಗೊಂಚಲು ಅಂದ್ರೆ ಬಾಡಿಗೆ ವಠಾರ. ಒಂದೊಂದಕ್ಕೂ ಬೇರೆ ಬೇರೆ ಬಾಗಿಲು. ನಮ್ಮದಕ್ಕೆ ಒಂದೇ ಒಲೆ.”

ಸುತ್ತಲಿನ ಅಂಗಡಿಯವರು ನಗುತ್ತಿದ್ದರು. ನಾನು ಮಾತ್ರ ಯಾವ ಕಡೆಗೂ ನಗುವ ಹಾಗಿರಲಿಲ್ಲ. ಆಚೆ ತವರು, ಈಚೆ ಗಂಡನ ಮನೆ.

ನಗುವಿನ ನಡುವೆ ಅತ್ತೆಗೆ ಒಂದು ಕೊರಗು ಇತ್ತು. ಹಿಂದೆ ಯಾವಾಗಲೋ ಅವರ ತಾಯಿ ನಮ್ಮ ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಮಲಗಿದ್ದರಂತೆ. ಬಾಯಿ ಕೆಟ್ಟಿದೆ, ನಮ್ಮ ಮರದ ಹಣ್ಣು ತಿನ್ನಬೇಕು ಅನ್ನಿಸಿದೆ ಎಂದು ಕೇಳಿದ್ದರಂತೆ. ಅತ್ತೆ ಡಬ್ಬಿಯಲ್ಲಿ ಹಾಕಿಕೊಂಡು ಓಡಿದರೆ, ಬಾಗಿಲಲ್ಲಿದ್ದವನು ಮುಚ್ಚಳ ತೆಗೆದು ನೋಡಿ, “ಇಂಥದ್ದೆಲ್ಲ ಒಳಗೆ ತರಬೇಡಿ, ಹಾಸಿಗೆಯೆಲ್ಲ ಕಲೆಯಾಗುತ್ತೆ. ದ್ರಾಕ್ಷಿ ಗೀಕ್ಷಿ ಇದ್ರೆ ತನ್ನಿ” ಎಂದು ಕಳಿಸಿದ. ಅವತ್ತು ಎಲ್ಲರ ಮಂಚದ ಪಕ್ಕದಲ್ಲೂ ದ್ರಾಕ್ಷಿ ಇತ್ತು. ಇದನ್ನು ಹೇಳುವಾಗ ಅತ್ತೆ ಅಳುವುದಿಲ್ಲ. ಹಲ್ಲು ಕಚ್ಚುತ್ತಾರೆ. “ಆ ವಾರ್ಡಲ್ಲಿ ಒಂದು ಸಲ ಬಿಳೀ ತಟ್ಟೆ ಮೇಲೆ ನನ್ನ ಹಣ್ಣು ಇಟ್ಟು ಕೊಡೋದನ್ನ ನೋಡಬೇಕು ಕಣೇ. ಆಮೇಲೆ ನೀನು ಹೇಗೆ ಸಾರು ಮಾಡಿದ್ರೂ ಸುಮ್ಮನೆ ಉಣ್ತೀನಿ,” ಅನ್ನುತ್ತಿದ್ದರು.

ನಾನು ಕೆಲಸ ಮಾಡುವುದು ಅದೇ ಆಸ್ಪತ್ರೆಯ ಅಡುಗೆಮನೆಯಲ್ಲಿ. ತರಕಾರಿ ಹೆಚ್ಚುವುದು, ತಟ್ಟೆ ಜೋಡಿಸುವುದು, ತಳ್ಳುಗಾಡಿಯಲ್ಲಿ ವಾರ್ಡಿಗೆ ಒಯ್ಯುವುದು. ಯಾರಿಗೆ ಏನು ಊಟ ಹೋಗಬೇಕೆಂದು ಹೇಳುವ ಡಯೆಟ್ ಮೇಡಂ ಒಬ್ಬರಿದ್ದಾರೆ. ಮಿತಭಾಷಿ, ಆದರೆ ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರ ಕೊಡುತ್ತಾರೆ. ಹೆಂಗಸರ ವಾರ್ಡಿನ ಬೆಳಗಿನ ತಿಂಡಿಯ ಜೊತೆ ಒಂದು ಸಣ್ಣ ಹಣ್ಣು ಕೊಡಬೇಕು, ಸುಲಿಯುವುದು ಹೆಚ್ಚುವುದು ಇರಬಾರದು, ಈ ಹಂಗಾಮಿಗೆ ಯಾವುದು ಅಂತ ಶುಕ್ರವಾರ ತೀರ್ಮಾನ ಮಾಡಿ ಸಂಜೆಯೊಳಗೆ ಆಫೀಸಿಗೆ ತಿಳಿಸಬೇಕು ಎಂದು ಅವರೊಮ್ಮೆ ಹೇಳಿದರು. “ನಿಮ್ಮ ತಂದೆ ದ್ರಾಕ್ಷಿ ತರಲಿ, ನೋಡೋಣ” ಎಂದರು. ನಾನು ತಡೆಯಲಾರದೆ ಅತ್ತೆಯ ಹಣ್ಣಿನ ಹೆಸರನ್ನೂ ಹೇಳಿದೆ. “ಅರೆ, ಅದು ಸಿಗುತ್ತಾ? ತರಲಿ, ತರಲಿ” ಎಂದು ಅವರ ಮುಖ ಅರಳಿತು.

ಮನೆಗೆ ಬಂದು ಹೇಳಿದ್ದೇ ತಡ, ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಿಜವಾಗಿಯೂ ನಿಲ್ಲಲಿಲ್ಲ. ಮರುದಿನವೇ ಮರದಡಿ ಬಿದ್ದು ಕೊಳೆತ ಹಣ್ಣಿನ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಮೊಣಕೈವರೆಗೆ ಪ್ಲಾಸ್ಟರ್ ಬಂತು. ಶುಕ್ರವಾರ ಹೇಗೆ ಹೋಗುತ್ತೀರಿ ಎಂದರೆ, “ಕೈ ಮುರಿದಿರೋದು ನನ್ನದು, ಮರದ್ದಲ್ಲ” ಎಂದರು.

ಶುಕ್ರವಾರ ನಸುಕಿನಲ್ಲಿ ನಾವಿಬ್ಬರೂ ಸೇರಿ ಕಿತ್ತೆವು. ಅತ್ತೆ ಎಡಗೈಯಲ್ಲಿ ಕೀಳುತ್ತ, ನನ್ನ ಕೈಗೆ ಬೈಯುತ್ತ, ಬೇಕರಿಯಿಂದ ತಂದ ಅಗಲವಾದ ತಗಡಿನ ಟ್ರೇಗಳಲ್ಲಿ ಎಲೆ ಹಾಸಿ, ಹಣ್ಣಿನ ಮೇಲೆ ಹಣ್ಣು ಬರದ ಹಾಗೆ ಹರಡಿಸಿದರು. ನನಗೆ ಕೆಲಸದ ಹೊತ್ತಾಯಿತೆಂದು ನಾನು ಮೊದಲು ಹೊರಟೆ. ಟ್ರೇಗಳನ್ನು ಸಾಗಿಸಲು ಅಪ್ಪ ತನ್ನ ಸಾಮಾನಿನ ಆಟೋವನ್ನು ಡ್ರೈವರ್ ಸಮೇತ ತರುತ್ತೇನೆ ಎಂದು ಒಪ್ಪಿದ್ದ. ತನ್ನ ದ್ರಾಕ್ಷಿಯ ಜೊತೆ ಎದುರಾಳಿಯ ಹಣ್ಣನ್ನೂ ತಾನೇ ಹೊತ್ತು ತರುವಷ್ಟು ದೊಡ್ಡ ಮನಸ್ಸು ನಮ್ಮಪ್ಪನಿಗೆ ಇದೆ. ಅನಾಹುತ ಆದದ್ದೂ ಆ ದೊಡ್ಡ ಮನಸ್ಸಿನಿಂದಲೇ.

ದ್ರಾಕ್ಷಿಯವರಿಗೆ ಒಂದು ನಿಯಮ ಇದೆ. ದಾರಿಯಲ್ಲಿ ಹಣ್ಣು ಅಲುಗಾಡಬಾರದು. ಗೊಂಚಲಿಗೆ ಗೊಂಚಲು ಒತ್ತಾಗಿ ಕ್ರೇಟು ತುಂಬಿದರೆ ಒಂದಕ್ಕೊಂದು ಆಸರೆಯಾಗಿ ಎಷ್ಟು ದೂರ ಹೋದರೂ ಕೆಡುವುದಿಲ್ಲ. ಸಡಿಲ ಬಿಟ್ಟರೆ ಉರುಳಿ ಒಡೆಯುತ್ತದೆ. ಅದರ ಮೈಮೇಲೆ ತೆಳ್ಳಗೆ ಬಿಳಿ ಪುಡಿಯಂಥದ್ದು ಇರುತ್ತದಲ್ಲ, ಅದು ಉಜ್ಜಿ ಹೋಗದ ಹಾಗೆ ನೋಡಿಕೊಂಡು ಜೋಡಿಸುವುದರಲ್ಲಿ ಅಪ್ಪನನ್ನು ಮೀರಿಸಿದವರಿಲ್ಲ. ಅತ್ತೆ ಬಟ್ಟೆ ಬದಲಿಸಲು ಒಳಗೆ ಹೋದಾಗ ಅಪ್ಪ ಟ್ರೇಗಳನ್ನು ನೋಡಿದ. ಇಷ್ಟು ಅಗಲಕ್ಕೆ ಹರಡಿದರೆ ಗುಂಡಿ ಬಿದ್ದ ರಸ್ತೆಯಲ್ಲಿ ಹಣ್ಣು ಕುಣಿದುಬಿಡುತ್ತದೆ, ಪಾಪ, ಬೀಗಿತ್ತಿಗೆ ಕೈ ಇಲ್ಲದೆ ಸರಿಯಾಗಿ ತುಂಬಲು ಆಗಿಲ್ಲ ಎಂದುಕೊಂಡ. ಎಲ್ಲವನ್ನೂ ಒಂದೇ ಕ್ರೇಟಿಗೆ ಮೆತ್ತಗೆ ಸುರಿದು, ಅಲುಗಾಡದ ಹಾಗೆ ಮೇಲಿಂದ ಅಂಗೈಯಲ್ಲಿ ಸ್ವಲ್ಪ ಒತ್ತಿ, ಕಾಗದ ಮುಚ್ಚಿಟ್ಟ. ಅತ್ತೆ ಬಂದು ಮುಂದೆ ಡ್ರೈವರ್ ಪಕ್ಕ ಕೂತರು. ಹಿಂದೆ ತಿರುಗಿ ನೋಡಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಅಪ್ಪ ಕ್ರೇಟನ್ನು ಎದೆಗೆ ಅವುಚಿಕೊಂಡು ಇಳಿಸಿದಾಗ ಅವನ ಬಿಳಿ ಅಂಗಿಯ ಮೇಲೆ ಕಡು ನೇರಳೆ ನೀರು ಧಾರೆಯಾಗಿ ಇಳಿಯಿತು. ನಾನು ಗಾಯವಾಗಿದೆ ಅಂದುಕೊಂಡು ಕಿರುಚಿಬಿಟ್ಟೆ. ಕಾಗದ ಸರಿಸಿದರೆ ಒಳಗೆ ಹಣ್ಣಿರಲಿಲ್ಲ, ಗೊಜ್ಜು ಇತ್ತು.

ಅತ್ತೆ ನೋಡಿದರು. ಎಡಗೈ ಬೆರಳನ್ನು ಗೊಜ್ಜಿನಲ್ಲಿ ಅದ್ದಿ ತೆಗೆದರು. ಆಮೇಲೆ ಮೆಲ್ಲಗೆ, “ನನ್ನ ಮಗನಿಗೆ ಹೆಣ್ಣು ಕೊಟ್ಟಿದ್ದೀರಿ ಬೀಗರೇ, ಅದಕ್ಕೆ ಬದುಕಿಕೊಂಡಿರಿ” ಎಂದರು.

“ಅಲುಗಾಡದಿರಲಿ ಅಂತ...” ಎಂದಷ್ಟೇ ಹೇಳಿದ ಅಪ್ಪ.

ಡಯೆಟ್ ಮೇಡಂ ಬಂದರು. ಅವರು ಒಳ್ಳೆಯವರು. “ಪರವಾಗಿಲ್ಲಮ್ಮ, ಮೇಲಿನವು ನಾಲ್ಕು ಚೆನ್ನಾಗಿವೆಯಲ್ಲ, ರುಚಿ ನೋಡ್ತೀನಿ” ಎಂದು ಕೈ ಚಾಚಿದರು. ಅತ್ತೆ ಎಡಗೈಯನ್ನು ಕ್ರೇಟಿಗೆ ಅಡ್ಡ ಹಿಡಿದರು.

“ಬೇಡ ಮೇಡಂ. ಇದನ್ನ ತಿಂದು ನನ್ನ ಹಣ್ಣು ಹೀಗೆ ಅಂತ ನೀವು ಅಂದುಕೋಬಾರದು. ಸಂಜೆಯೊಳಗೆ ತಾನೇ ಹೇಳಬೇಕು? ಮಧ್ಯಾಹ್ನದೊಳಗೆ ಬೇರೆ ತರ್ತೀನಿ.”

“ಕೈ ಹೀಗಿದೆಯಲ್ಲಮ್ಮ?”

“ಕೈ ಇವರದು ಇದೆಯಲ್ಲ,” ಎಂದು ಅಪ್ಪನನ್ನು ತೋರಿಸಿದರು.

ನನ್ನನ್ನೂ ಎಳೆದುಕೊಂಡು ಹೋದರು. ಆ ದಿನ ಮರದಡಿ ನಡೆದದ್ದನ್ನು ನಮ್ಮಪ್ಪನ ಗಿರಾಕಿಗಳು ನೋಡಿದ್ದರೆ ಅವನು ಇನ್ನೊಮ್ಮೆ ಸ್ಟೂಲಿನ ಮೇಲೆ ಕೂರುವ ಹಾಗಿರಲಿಲ್ಲ. ಅಪ್ಪ ದ್ರಾಕ್ಷಿ ಗೊಂಚಲು ಹಿಡಿದ ಹಾಗೆ ಗಟ್ಟಿಯಾಗಿ ಹಿಡಿದು ತಿರುಚಿದ. ಹಣ್ಣು ಒಡೆದು ಮೊಣಕೈವರೆಗೆ ಇಳಿಯಿತು.

“ಎಳೀಬೇಡ್ರೀ! ತಿರುಚಬೇಡ್ರೀ! ಕೆಳಗೆ ಬೆರಳು ಕೊಟ್ಟು ಸುಮ್ಮನೆ ಮುಟ್ಟಿ. ಬರೋ ಹಾಗಿದ್ರೆ ಅದೇ ಬರುತ್ತೆ. ಬರಲಿಲ್ಲ ಅಂದ್ರೆ ಇನ್ನೂ ಆಗಿಲ್ಲ ಅಂತ. ಕಿತ್ತಮೇಲೆ ಹಣ್ಣಾಗುತ್ತೆ ಅಂತ ಕಾಯೋ ಜಾತಿ ಅಲ್ಲ ಇದು.”

“ನಮ್ಮದೂ ಅಷ್ಟೇ,” ಎಂದ ಅಪ್ಪ ಮೆಲ್ಲಗೆ. “ದ್ರಾಕ್ಷೀನೂ ಬಳ್ಳಿಯಲ್ಲೇ ಹಣ್ಣಾಗಬೇಕು. ಕಿತ್ತಮೇಲೆ ಸಿಹಿಯಾಗಲ್ಲ.”

ಅತ್ತೆ ಅವನತ್ತ ತಿರುಗಿ ನೋಡಿದರು. ಅಷ್ಟು ವರ್ಷ ಎದುರುಬದುರು ಕೂತ ಇವರಿಬ್ಬರೂ ತಮ್ಮ ಹಣ್ಣುಗಳ ನಡುವೆ ಒಂದಾದರೂ ಹೋಲಿಕೆ ಇದೆ ಎಂದು ಒಪ್ಪಿಕೊಂಡದ್ದು ಆಗಲೇ ಇರಬೇಕು. ಆಮೇಲೆ ಅಪ್ಪ ಮುಟ್ಟಲು ಕಲಿತ. ಉಸಿರು ಬಿಗಿಹಿಡಿದು, ಕಣ್ಣು ಕಿರಿದು ಮಾಡಿಕೊಂಡು, ಒಂದೊಂದನ್ನೂ ಇಳಿಸಿದ. ಅತ್ತೆ ಬೈಯುವುದನ್ನು ನಿಲ್ಲಿಸಲಿಲ್ಲ, ಆದರೆ ಬೈಗುಳದಲ್ಲಿ ಮೊದಲಿನ ಖಾರ ಇರಲಿಲ್ಲ. ವಾಪಸು ಬರುವಾಗ ಟ್ರೇ ಅಪ್ಪನ ತೊಡೆಯ ಮೇಲಿತ್ತು. ಗುಂಡಿ ಬಂದಾಗಲೆಲ್ಲ ಅವನು ಕೂತಲ್ಲೇ ಮೇಲೆದ್ದು ಟ್ರೇಯನ್ನು ಗಾಳಿಯಲ್ಲಿ ಹಿಡಿಯುತ್ತಿದ್ದ.

ಮೇಡಂ ಎರಡು ಬಿಳಿ ತಟ್ಟೆಗಳಲ್ಲಿ ಎರಡು ಹಣ್ಣುಗಳನ್ನೂ ಇಟ್ಟರು. ಮೊದಲು ದ್ರಾಕ್ಷಿ ತಿಂದರು. ಆಮೇಲೆ ಹಿಪ್ಪುನೇರಳೆ. ಆಮೇಲೆ ಇನ್ನೊಂದು ಹಿಪ್ಪುನೇರಳೆ. ಅತ್ತೆ ನನ್ನ ಸೊಂಟಕ್ಕೆ ತಿವಿದರು.

“ಸಿ ಜೀವಸತ್ವ ನೋಡಿದ್ರೆ ದ್ರಾಕ್ಷಿಗಿಂತ ಇದರಲ್ಲಿ ಸುಮಾರು ಹತ್ತು ಪಟ್ಟು,” ಎಂದರು ಮೇಡಂ. “ಆಪರೇಷನ್ ಆದವರಿಗೆ ಗಾಯ ಮಾಯೋಕೆ ಅದು ಬೇಕು. ಕಬ್ಬಿಣಾಂಶಾನೂ ನಾಲ್ಕೈದು ಪಟ್ಟು ಹೆಚ್ಚು. ಮೈ ಕಬ್ಬಿಣ ಹಿಡಿದುಕೊಳ್ಳೋಕೆ ಸಿ ಜೀವಸತ್ವ ಸಹಾಯ ಮಾಡುತ್ತೆ, ಎರಡೂ ಒಂದೇ ಹಣ್ಣಲ್ಲಿವೆ. ಸಕ್ಕರೆ ದ್ರಾಕ್ಷಿಯ ಅರ್ಧದಷ್ಟು. ನಾರು ಜಾಸ್ತಿ.”

ಅತ್ತೆಯ ಮುಖ ನೋಡಬೇಕಿತ್ತು. ಅಪ್ಪನ ಮುಖವನ್ನು ನೋಡಬಾರದಿತ್ತು.

“ಹಾಗಾದ್ರೆ ನಮ್ಮದರಲ್ಲಿ ಏನೂ ಇಲ್ವಾ ಮೇಡಂ?”

“ಯಾಕಿಲ್ಲ? ಸುಸ್ತಾದವರಿಗೆ ತಕ್ಷಣ ಶಕ್ತಿ ಬರೋದು ನಿಮ್ಮ ಹಣ್ಣಿಂದಲೇ, ಸಕ್ಕರೆ ಹೆಚ್ಚಿದೆಯಲ್ಲ. ಪೊಟ್ಯಾಸಿಯಂ ಎರಡರಲ್ಲೂ ಹೆಚ್ಚುಕಡಿಮೆ ಸಮ. ಕಪ್ಪು ಬಣ್ಣದಲ್ಲಿರೋ ಒಳ್ಳೆಯ ಅಂಶ ನಿಮ್ಮ ಕಪ್ಪು ದ್ರಾಕ್ಷಿಯಲ್ಲೂ ಇದೆ, ಇವರ ಹಣ್ಣಲ್ಲೂ ಇದೆ. ದ್ರಾಕ್ಷಿ ತಂಪಲ್ಲಿಟ್ಟರೆ ವಾರಗಟ್ಟಲೆ ಕೆಡಲ್ಲ, ತೊಳೆಯೋದು ಸುಲಭ. ಎರಡೂ ಔಷಧಿ ಅಲ್ಲ, ಮಾತ್ರೆ ಬದಲಿಗೆ ಕೊಡೋ ಹಾಗಿಲ್ಲ. ಆದ್ರೆ ಈ ವಾರ್ಡಿಗೆ ಹಿಪ್ಪುನೇರಳೆ ನನಗೆ ಇಷ್ಟ ಆಯ್ತು.”

ನಾನು ಉಸಿರು ಬಿಟ್ಟೆ. ಮೇಡಂ ಮುಂದುವರಿಸಿದರು. “ಒಂದೇ ಒಂದು ವಿಷಯ. ನಮ್ಮಲ್ಲಿ ಹಣ್ಣು ತಗೊಳ್ಳೋದು ಸಂಜೆ. ರಾತ್ರಿ ಫ್ರಿಜ್ಜಲ್ಲಿ ಇಟ್ಟು ಬೆಳಿಗ್ಗೆ ಕೊಡ್ತೀವಿ. ಸಂಜೆ ಐದರೊಳಗೆ ತಂದುಕೊಟ್ಟರೆ ಸಾಕು.”

ಅತ್ತೆ ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ನಸುಕಿನಲ್ಲಿ ಕಿತ್ತ ಹಣ್ಣನ್ನು ಸಂಜೆ ಕೊಟ್ಟು, ಮರುದಿನ ಅದು ಸ್ವಲ್ಪ ಬಾಡಿ, ಸ್ವಲ್ಪ ನೀರು ಬಿಟ್ಟು ತಟ್ಟೆಗೆ ಬಂದರೂ ಯಾರೂ ಕೇಳುತ್ತಿರಲಿಲ್ಲ. ಕಾಯಿಲೆಯವರು ತಕರಾರು ಮಾಡುವುದಿಲ್ಲ. ಇಷ್ಟು ವರ್ಷ ಬಯಸಿದ ಬಿಳಿ ತಟ್ಟೆ ಕೈಯಳತೆಯಲ್ಲಿತ್ತು. ನಾನು ಅವರ ತೋಳು ಹಿಡಿದು, ಒಪ್ಪಿಕೊಳ್ಳಿ ಎಂದು ಕಣ್ಣಲ್ಲೇ ಬೇಡಿಕೊಂಡೆ.

ಅತ್ತೆ ತೋಳು ಬಿಡಿಸಿಕೊಂಡರು. “ಹಾಗಾದ್ರೆ ಬೇಡ ಮೇಡಂ,” ಎಂದರು. “ನನ್ನ ಹಣ್ಣು ರಾತ್ರಿ ಕಳೆದರೆ ನನ್ನ ಹಣ್ಣಾಗಿ ಉಳಿಯಲ್ಲ. ಹುಷಾರಿಲ್ಲದೆ ಮಲಗಿದವರ ಬಾಯಿಗೆ ಹಳಸಲು ಹಾಕಲಾರೆ. ನೀವು ದ್ರಾಕ್ಷೀನೇ ತಗೊಳ್ಳಿ. ಇವರ ದ್ರಾಕ್ಷಿ ಚೆನ್ನಾಗಿದೆ. ನಾನು ಇಷ್ಟು ವರ್ಷ ಎದುರಿಗೆ ಕೂತು ನೋಡಿದ್ದೀನಿ, ಒಂದು ದಿನವೂ ಕೆಟ್ಟದ್ದು ಕೊಟ್ಟವರಲ್ಲ.”

ಹೇಳಿ, ಟ್ರೇ ಎತ್ತಿಕೊಳ್ಳಲು ಎಡಗೈ ಚಾಚಿದರು. ಇಂಥವರ ಮನೆಗೆ ಸೊಸೆಯಾಗಿ ಬಂದೆನಲ್ಲ ಎಂದು ಆ ಕ್ಷಣ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಮನೆಗೆ ಹೋಗಿ ಅವರ ಕೈಲಿ ಹೊಸದಾಗಿ ಬೈಸಿಕೊಳ್ಳಲೂ ಸಿದ್ಧಳಿದ್ದೆ.

ಟ್ರೇಯನ್ನು ಅತ್ತೆಗಿಂತ ಮೊದಲು ಅಪ್ಪ ಹಿಡಿದುಕೊಂಡ.

“ಮೇಡಂ, ನಿಮ್ಮ ಅಡುಗೆಮನೆಗೆ ಹಾಲು ಯಾವಾಗ ಬರುತ್ತೆ?”

“ಬೆಳಿಗ್ಗೆ. ಆರಕ್ಕೆಲ್ಲ ಬರುತ್ತೆ.”

“ಹಾಲನ್ನ ಹಿಂದಿನ ಸಂಜೆ ತಂದಿಡಿ ಅಂತ ನೀವು ಕೇಳಲ್ಲ ಅಲ್ವಾ? ಇದೂ ಹಾಲಿನ ಹಾಗೆ ಅಂದುಕೊಳ್ಳಿ. ಹಾಲು ಬರೋ ಹೊತ್ತಿಗೆ, ಅದೇ ಬಾಗಿಲಿಗೆ ಇದೂ ಬರುತ್ತೆ. ಅವರ ಕೈ ಸರಿಹೋಗೋ ತನಕ ನಾನು ತರ್ತೀನಿ. ಸರಿಹೋದ ಮೇಲೂ ನಾನೇ ತರ್ತೀನಿ. ಹಂಗಾಮು ಮುಗಿದ ಮೇಲೆ ದ್ರಾಕ್ಷಿ ತಗೊಳ್ಳಿ, ಅದಕ್ಕೇನು ಅವಸರ, ಅದು ಕಾಯುತ್ತೆ.”

ಅಪ್ಪ ತನ್ನ ಹಣ್ಣನ್ನು ಹಿಂದಕ್ಕೆ ಸರಿಸಿ ಮಾತಾಡಿದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಮೇಡಂ ಹಾಲು ತೆಗೆದುಕೊಳ್ಳುವವಳನ್ನು ಕರೆದು ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದಳು. ಅತ್ತೆ ಅಪ್ಪನನ್ನು ನೋಡಿ, “ಕ್ರೇಟು ತಂದ್ರೆ ಮಾತ್ರ ಮರದ ಹತ್ತಿರ ಸೇರಿಸಲ್ಲ” ಎಂದರು. ಅವರ ಲೆಕ್ಕದಲ್ಲಿ ಅದು ಕೃತಜ್ಞತೆ.

ಸೋಮವಾರ ಮೊದಲ ದಿನ. ಅಪ್ಪ ತಂದ ಟ್ರೇಗಳಿಂದ ಹಣ್ಣನ್ನು ಬಿಳಿ ತಟ್ಟೆಗಳಿಗೆ ನಾನೇ ಇಟ್ಟೆ. ನಾನು ತಳ್ಳುಗಾಡಿ ನೂಕಿಕೊಂಡು ಹೊರಟಾಗ ಅತ್ತೆ ಪಕ್ಕದಲ್ಲೇ ನಡೆದು ಬಂದರು. ಬಾಗಿಲಲ್ಲಿ ನರ್ಸ್, ಭೇಟಿಯ ಹೊತ್ತು ಇನ್ನೂ ಆಗಿಲ್ಲ ಎಂದು ತಡೆದಳು. “ನಾನು ಯಾರ ಭೇಟಿಗೂ ಬಂದಿಲ್ಲಮ್ಮ, ತಟ್ಟೆ ಜೊತೆ ಬಂದಿದ್ದೀನಿ” ಎಂದು ಅತ್ತೆ ಒಳಗೆ ನಡೆದೇಬಿಟ್ಟರು. ಅವಳು ಪ್ಲಾಸ್ಟರ್ ನೋಡಿ, ಇವರೂ ವಾರ್ಡಿನವರೇ ಇರಬೇಕೆಂದು ಸುಮ್ಮನಾದಳು.

ಒಂದೊಂದೇ ಮಂಚಕ್ಕೆ ತಟ್ಟೆ ಹೋಯಿತು. ಕೆಲವರು ಹೆಸರು ಕೇಳಿದರು, ಕೆಲವರು ಸುಮ್ಮನೆ ತಿಂದರು. ಕಿಟಕಿಯ ಪಕ್ಕದ ಮಂಚದಲ್ಲಿ ಕಾಲಿಗೆ ಆಪರೇಷನ್ ಆದ ಹುಡುಗಿಯೊಬ್ಬಳು ತಿಂಡಿ ತಿಂದು ಹಣ್ಣನ್ನು ಹಾಗೆಯೇ ಬಿಟ್ಟಿದ್ದಳು. ಅತ್ತೆ ಹೋಗಿ ಅವಳ ಪಕ್ಕದಲ್ಲಿ ನಿಂತರು.

“ಯಾಕಮ್ಮ ಬಿಟ್ಟೆ?”

“ಬೇಡ. ತುಟಿಯೆಲ್ಲ ಕಪ್ಪಾಗುತ್ತೆ. ಆಮೇಲೆ ನೋಡೋಕೆ ಬರೋರಿದ್ದಾರೆ.”

“ಬಂದೋರು ಏನು ತಿಂದೆ ಅಂತ ಕೇಳ್ಲಿ ಬಿಡು. ಒಂದು ತಿನ್ನು. ಸೇರದಿದ್ರೆ ಉಗುಳು, ನನ್ನ ಕೈಗೇ ಉಗುಳು.” ಅತ್ತೆ ನಿಜವಾಗಿಯೂ ಎಡಗೈಯನ್ನು ಅವಳ ಗಲ್ಲದ ಕೆಳಗೆ ಹಿಡಿದರು.

ಹುಡುಗಿಗೆ ನಗು ಬಂತು. ಒಂದನ್ನು ತೊಟ್ಟು ಹಿಡಿದು ಬಾಯಿಗೆ ಹಾಕಿಕೊಂಡಳು. ಅಗಿದಳು. ಇನ್ನೊಂದನ್ನು ತೆಗೆದುಕೊಂಡಳು. ಅತ್ತೆ ಕೈ ಹಿಂದಕ್ಕೆ ತೆಗೆಯದೆ ನಿಂತೇ ಇದ್ದರು.

“ನೀವು ಯಾರು, ಇಲ್ಲಿ ಆಯಾನಾ?” ಎಂದು ಅವಳು ಬಾಯಿ ತುಂಬಿಕೊಂಡೇ ಕೇಳಿದಳು.

ಅತ್ತೆ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ನೆಟ್ಟಗೆ ನಿಂತರು. ಮಾರುಕಟ್ಟೆಯ ಆ ತುದಿಯವರೆಗೆ ಕೇಳಿಸುವ ಗಂಟಲು ಅವರದು. ಅವತ್ತು ಮಾತ್ರ ಪಕ್ಕದಲ್ಲಿದ್ದ ನನಗೇ ಕಷ್ಟಪಟ್ಟು ಕೇಳಿಸಿತು.

“ಅಲ್ಲಮ್ಮ,” ಎಂದರು. “ಈ ಹಣ್ಣು ನಮ್ಮ ಮರದ್ದು.”